ಮೂರು ಬೆರಳಿನ ಸೆಲ್ಯೂಟ್

ಶನಿವಾರ ಬಟವಾಡೆ. ಶುಕ್ರವಾರ ಸಂಜೆ ತೋಟದ ಆಳುಗಳ ಲೆಕ್ಕ ಟೈಪ್ ಮಾಡುತ್ತಿದ್ದೆ, ಕಂಪ್ಯೂಟರ್ ಹ್ಯಾಂಗ್ ಆಯಿತು. ಬೆಂಗಳೂರಿನ ಮೈದುನನಿಗೆ ಫೋನ್ ಮಾಡಿದೆ. ಸಾಫ್ಟ್‌ವೇರ್‌ನವನು, ನಮ್ಮ ಕಂಪ್ಯೂಟರಿಗೆ ಅವನೇ ಡಾಕ್ಟರು.

ಈ ಡಾಕ್ಟರಿಗೆ ಒಂದು ಚಟ. ಮದ್ದು ಹೇಳುವ ಮೊದಲು ಕಾಯಿಲೆಗೊಂದು ತಮಾಷೆಯ ಇಂಗ್ಲಿಷ್ ಹೆಸರು ಇಡಲೇಬೇಕು. ಪರದೆ ನೀಲಿಯಾದರೆ ‘ಬ್ಲೂ ಸ್ಕ್ರೀನ್ ಆಫ್ ಡೆತ್’. ಪೆನ್‌ಡ್ರೈವ್‌ನಲ್ಲಿ ಫೈಲ್ ಹಾಕಿಕೊಂಡು ಗೋಣಿಕೊಪ್ಪಕ್ಕೆ ಪ್ರಿಂಟ್ ತೆಗೆಸಲು ಹೋದರೆ ‘ಸ್ನೀಕರ್‌ನೆಟ್’. ಆ ಮಳೆಯಲ್ಲಿ ಗಂಬೂಟ್ ಹಾಕಿಕೊಂಡು ಹೋದವಳು ನಾನು, ಸ್ನೀಕರ್ ಶೂ ಎಲ್ಲಿಂದ ಬಂತು? ಮಾತೆತ್ತಿದರೆ ‘ಬಗ್ ಇದೆ ಅತ್ತಿಗೆ’. ಬಗ್ ಅಂದರೆ ಹುಳ, ಅವರ ಭಾಷೆಯಲ್ಲಿ ಪ್ರೋಗ್ರಾಮಿನ ದೋಷ. ನಮಗೆ ಹುಳ ಅಂದರೆ ಕಾಫಿ ಗಿಡದ ಬಿಳಿ ಕಾಂಡಕೊರಕ, ಗಿಡ ಕಿತ್ತು ಸುಡುತ್ತೇವೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್-2 ಕಂಪ್ಯೂಟರಿನ ರಿಲೇ ಎಂಬ ಸ್ವಿಚ್ಚಿನಲ್ಲಿ ನಿಜವಾಗಿಯೇ ಒಂದು ಪತಂಗ ಸಿಕ್ಕಿತ್ತಂತೆ. ಲಾಗ್‌ಬುಕ್ಕಿಗೆ ಅಂಟಿಸಿಟ್ಟರಂತೆ. ಅವರಾದರೂ ಹುಳ ತೆಗೆದರು. ಇವನು ಹೆಸರು ಹೇಳಿ ಫೋನ್ ಇಡುತ್ತಾನೆ.

“ಏನಿಲ್ಲ ಅತ್ತಿಗೆ, ತ್ರೀ ಫಿಂಗರ್ ಸೆಲ್ಯೂಟ್ ಕೊಡಿ” ಎಂದ. ಸ್ಪೀಕರ್ ಆನ್ ಇತ್ತು. ಪಕ್ಕದಲ್ಲಿ ಮಾವ. ರಿಟೈರ್ಡ್ ಸುಬೇದಾರರು. ಬಸ್ಸು ಮಡಿಕೇರಿಯ ಜನರಲ್ ತಿಮ್ಮಯ್ಯ ಸರ್ಕಲ್ ದಾಟುವಾಗ ಸೀಟಿನಲ್ಲೇ ಬೆನ್ನು ನೆಟ್ಟಗೆ ಮಾಡುವವರು.

“ಮೂರು ಬೆರಳಿನದ್ದು ಸ್ಕೌಟ್ ಹುಡುಗರದ್ದು ಕಣೋ.”

“ಇದು ಬೇರೆ ಅಪ್ಪ. ಕಂಪ್ಯೂಟರಿಗೆ.”

“ಅದರ ರ‍್ಯಾಂಕ್ ಏನು?”

ಆ ಕಡೆಯಿಂದ ನಗು. ಮಾವನಿಗೆ ರೇಗಿತು. ಶಾಲು ತೆಗೆದು ಕುರ್ಚಿಗೆ ಹಾಕಿದರು. ಎದ್ದು ಹಿಮ್ಮಡಿ ಜೋಡಿಸಿ, ಐದೂ ಬೆರಳು ಸೇರಿಸಿ ಖಡಕ್ಕಾಗಿ ಒಂದು ಸೆಲ್ಯೂಟ್ ಹೊಡೆದರು. “ನನ್ನ ಹತ್ತಿರ ಇರುವುದು ಇದೊಂದೇ. ಬೇಕಾದರೆ ತಗೊಳ್ಳಲಿ.”

ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಟಾರ್ಚ್ ಹಾಕಿ ನೋಡಿದರೆ ಮಾವನ ಕೈ ಇನ್ನೂ ಹಣೆಯಲ್ಲೇ ಇದೆ. ಎದುರಿನವರು ಸೆಲ್ಯೂಟ್ ವಾಪಸ್ ಕೊಡದೆ ಇಳಿಸುವ ಹಾಗಿಲ್ಲವಂತೆ. ಕೊನೆಗೆ ನಾನೇ ಕಂಪ್ಯೂಟರಿನ ಪರವಾಗಿ ಕೊಟ್ಟೆ.

ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತುವುದಕ್ಕೆ ಆ ಹೆಸರು ಅಂತ ಆಮೇಲೆ ತಿಳಿಯಿತು. 1981ರ ಐಬಿಎಂ ಪಿಸಿಗಾಗಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ಮಾಡಿದ್ದು. ಅಪ್ಪಿತಪ್ಪಿ ಕೈ ತಾಗಿ ಮಿಷನ್ ರೀಸ್ಟಾರ್ಟ್ ಆಗಬಾರದೆಂದು ದೂರದೂರದ ಕೀಗಳನ್ನು ಆರಿಸಿದರಂತೆ. ‘ಆ ಮೂರು ಕೀ ಒತ್ತಿ’ ಅನ್ನಲು ಎಷ್ಟು ಹೊತ್ತು ಬೇಕು, ಹೇಳಿ?

ಹಾಗೆ ನೋಡಿದರೆ ಈ ಕಂಪ್ಯೂಟರ್ ತಂದಾಗ ಸ್ಟೂಲ್ ಎಳೆದುಕೊಂಡು ಪಕ್ಕ ಕೂತು ಒಂದೊಂದೇ ಕೀ ತೋರಿಸಿಕೊಟ್ಟವನು ಅವನೇ. ಬೇಜಾರಿಲ್ಲದೆ ಹೇಳಿದ್ದನ್ನೇ ಹೇಳುತ್ತಿದ್ದ. ಈಗ ಹುತ್ತರಿಗೆ ಬಂದರೂ ಮಾರನೇ ದಿನ ಮೀಟಿಂಗ್ ಅಂತ ಓಡುತ್ತಾನೆ.

ಫೋನ್ ಇಡುವ ಮೊದಲು ಹೆಂಡತಿಗೆ ಮೆಲ್ಲಗೆ ‘ಪೆಬ್‌ಕ್ಯಾಕ್’ ಎಂದದ್ದು ಕೇಳಿಸಿತ್ತು. ಹುಡುಕಿ ನೋಡಿದೆ. ತೊಂದರೆ ಇರುವುದು ಕೀಬೋರ್ಡಿಗೂ ಕುರ್ಚಿಗೂ ನಡುವೆ ಅಂತ ಅರ್ಥವಂತೆ. ಅಂದರೆ ನಾನು!

‘ಕಣಿಲೆ ಉಪ್ಪಿನಕಾಯಿ ಕಳಿಸಿ ಅತ್ತಿಗೆ’ ಅಂತ ಇವತ್ತು ಮೆಸೇಜ್ ಹಾಕಿದ್ದಾನೆ. ‘ಸರ್ವರ್ ಡೌನ್’ ಅಂತ ಉತ್ತರ ಕೊಟ್ಟಿದ್ದೇನೆ.