ಒಳಗ ಚಿಲಕ ಇಲ್ಲದ ಖೋಲಿ

ಶ್ರಾವಣದ ಶುಕ್ರವಾರ ನಮ್ಮವ್ವ ನನ್ನ ಖೋಲಿಗೆ ಹೊರಗಿಂದ ಚಿಲಕ ಹಾಕಿ ಬನಶಂಕರಿಗೆ ಹೋದ್ಲು. ನಾ ಒಳಗ ಮಲಗಿದ್ದೆ.

ಜಗಳ ಆಡಿ ಹಾಕಿದ್ದಲ್ಲ. ಸಿಟ್ಟಿಗೆದ್ದು ಹಾಕಿದ್ರ ನನಗ ಇಷ್ಟು ಉರೀತಿರಲಿಲ್ಲ. ಅಕಿ ಮರತು ಹಾಕ್ಯಾಳ. ಸಾಮಾನಿನ ಖೋಲಿ, ಊರಿಗೆ ಹೋಗೂ ಮುಂದ ಚಿಲಕ ಹಾಕೂದು ರೂಢಿ, ಇಲ್ಲಾಂದ್ರ ಇಲಿ ಹೊಕ್ಕು ಜ್ವಾಳದ ಚೀಲ ಕಡೀತಾವ. ಅಷ್ಟ. ಒಳಗ ಹೆತ್ತ ಮಗಳು ಅದಾಳ ಅನ್ನೂದು ತಲ್ಯಾಗ ಬಂದಿಲ್ಲ.

ಏಳೂವರಿಗೆ ಎದ್ದು ಬಾಗಿಲ ಜಗ್ಗಿದೆ, ಬರಲಿಲ್ಲ. ಹೊಸಾ ಬಾಗಿಲ, ಮಳಿಗೆ ಉಬ್ಬೇತಿ ಅಂದ್ಕೊಂಡೆ. ಇನ್ನೊಮ್ಮೆ ಜಗ್ಗಿದೆ. ಆಮ್ಯಾಲ ತಿಳೀತು. ಫೋನ್ ಹಚ್ಚಿದೆ, ಅವ್ವ ಎತ್ತಲಿಲ್ಲ, ಅಪ್ಪ ಎತ್ತಿದ. "ಅಪ್ಪಾ, ಒಳಗ ಸಿಕ್ಕೊಂಡೀನಿ, ಹತ್ತಕ್ಕ ಟೆಸ್ಟ್ ಐತಿ, ಬಾಗಿಲ ಒದೀಲೇನು?" ಅಂದೆ. ನಮ್ಮಪ್ಪ ಏನಂದ ಗೊತ್ತೇನ್ರಿ?

"ಏ ತಂಗಿ, ಒದೀಬ್ಯಾಡವ್ವ, ಪಾಲಿಶ್ ಹೋಗತೈತಿ."

ಅವ್ರು ಆಗಲೇ ಬದಾಮಿ ಮುಟ್ಟಿದ್ರು. ತಿರುಗಿ ಬರ್ರಿ ಅಂದ್ರ, ಇಷ್ಟು ದೂರ ಬಂದು ದರ್ಶನ ಬಿಟ್ಟು ಬಂದ್ರ ತಾಯಿ ಸಿಟ್ಟಾಗತಾಳ ಅಂದ್ರು. ದರ್ಶನ ಮಾಡಿದ್ರು, ಉಡಿ ತುಂಬಿದ್ರು, ಗುಡಿ ಮುಂದ ಬುಟ್ಟಿ ಹೊತ್ತು ಬರೋ ಹೆಂಗಸರ ಹಂತೇಕ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಉಂಡ್ರು, ಹನ್ನೆರಡೂವರಿಗೆ ಬಂದು ಚಿಲಕ ತಗದ್ರು. ಐದು ತಾಸು. ಅಷ್ಟೊತ್ತು ಬಚ್ಚಲ ಇಲ್ಲದ ನನ್ನ ಪಾಡು ಏನಾತು ಅನ್ನೂದು ಇಲ್ಲಿ ಬರಿಯಂಗಿಲ್ಲ, ಹೆಂಗಸರಿಗೆ ತಿಳೀತೈತಿ. ಟೆಸ್ಟ್ ಹೋತು. ಅವ್ವ ಕುಂಕುಮ ಹಚ್ಚಿ, ಬಾಯಾಗ ಪ್ರಸಾದ ಇಟ್ಟು, "ರೂಢಿ ಮ್ಯಾಲ ಹಾಕೀನಿ ನೋಡ" ಅಂತ ನಕ್ಕಳು. ನಕ್ಕಳು!

ಈಗ ಈ ಖೋಲಿ ಕತಿ ಕೇಳ್ರಿ.

ಬಾಗಲಕೋಟಿ ನವನಗರದಾಗ ನಮ್ಮದು 30-40ರ ಸೈಟು. ಮಾಘದಾಗ ವಾಸ್ತುಶಾಂತಿ ಆತು. ಮದಲ ಬರಿಸಿದ ನಕಾಶಿಯೊಳಗ ಕೆಳಗ ಎರಡು ಬೆಡ್‌ರೂಮ್ ಇದ್ದೂ, ಒಂದು ಅಪ್ಪ-ಅವ್ವಂದು, ಒಂದು ನಂದು. ಈಶಾನ್ಯ ಮೂಲ್ಯಾಗ, ಮುಂಜಾನಿ ಬಿಸಿಲು ಬೀಳೋ ಕಿಡಕಿ, ಹೊರಗ ಬೇವಿನ ಗಿಡ. ನಾ ಆ ಹಾಳಿ ಮೊಬೈಲಿನ್ಯಾಗ ಫೋಟೋ ಹೊಡ್ಕೊಂಡು ಗೆಳತ್ಯಾರಿಗೆಲ್ಲಾ ತೋರ್ಸಿದ್ದೆ. ಅಷ್ಟರಾಗ ಯಾರೋ ಒಬ್ಬ ವಾಸ್ತು ನೋಡಾಂವ ಬಂದ. ಈಶಾನ್ಯ ದೇವರ ಮೂಲಿ, ಅಲ್ಲಿ ಮಂದಿ ಮಲಗಬಾರದು ಅಂದ. ನನ್ನ ಖೋಲಿ ದೇವರಿಗೆ ಹೋತು. ಹಂಗಾರ ನಾ ಎಲ್ಲಿ ಅಂದೆ. ಎಲ್ಲಾರೂ ನಕಾಶಿ ಮ್ಯಾಲ ಬಗ್ಗಿ ನೋಡಿದ್ರು. ಪಡುವಣ ಗ್ವಾಡಿಗೆ ಹತ್ತಿದ ಒಂದು ಸಣ್ಣ ಚೌಕ ಇತ್ತು, ಅದರಾಗ ಎಂಜಿನಿಯರ್ 'ಸ್ಟೋರ್' ಅಂತ ಬರದಿದ್ದ. ಅದನ್ನ ಅಳಿಸಿ ನನ್ನ ಹೆಸರು ಸುದ್ದಾ ಬರೀಲಿಲ್ಲ.

ಮ್ಯಾಲ ಒಂದು ಖೋಲಿ ಐತಿ. ದೊಡ್ಡದು. ಅಟ್ಯಾಚ್ಡ್ ಬಚ್ಚಲ, ಗೀಸರ್, ಏಸಿ, ಗುಳೇದಗುಡ್ಡದ ಖಣದ ಅಂಚು ಹಚ್ಚಿ ಹೊಲಿಸಿದ ಪರದೆ. ಅದು ಅಣ್ಣಂದು. ಅಣ್ಣ ಇರೂದು ಬೆಂಗಳೂರಾಗ. ದೀಪಾವಳಿಗೊಮ್ಮೆ, ಜಾತ್ರಿಗೊಮ್ಮೆ ವೈನೀನ ಕರಕೊಂಡು ರಾತ್ರಿ ರೈಲಿಗೆ ಬರತಾನ, ಎರಡು ದಿನ ಇದ್ದು ಹೋಗತಾನ. ಉಳದ ದಿನಾ ಅದಕ್ಕ ಕೀಲಿ. ಅವ್ವ ವಾರಕ್ಕೊಮ್ಮೆ ತಗದು ಕಸಾ ಹೊಡದು, ಏಸಿ ಕೆಟ್ಟು ಹೋಗಬಾರದಂತ ಹತ್ತು ನಿಮಿಷ ಹಚ್ಚಿ, ಬಂದ್ ಮಾಡಿ ಮತ್ತ ಕೀಲಿ ಹಾಕತಾಳ. ಏಪ್ರಿಲ್‌ದಾಗ ನಮ್ಮ ಕಡೆ 40 ಡಿಗ್ರಿ ಬಿಸಿಲು. ಆ ಹತ್ತು ನಿಮಿಷ ಏಸಿ ತಿನ್ನೋದು ಖಾಲಿ ಹಾಸಿಗಿ.

ಕೆಳಗ ನನ್ನ ಡಬ್ಬಿಯೊಳಗ ಏನಾಗತೈತಿ ಹೇಳ್ತೀನಿ. ಮ್ಯಾಲ ಬರೇ ಸ್ಲ್ಯಾಬು, ಅದರ ಮ್ಯಾಲ ನೆರಳಿಲ್ಲ. ಸ್ಲ್ಯಾಬು ದಿನಾ ಪೂರ್ತಿ ಬಿಸಿಲು ಕುಡೀತೈತಿ, ಸಂಜಿ ಆದಮ್ಯಾಲ ಕುಡದದ್ದನ್ನೆಲ್ಲಾ ಒಳಗ ಕಾರತೈತಿ. ಪಡುವಣ ಗ್ವಾಡಿ ಅದಕ್ಕ ಜೋಡಿ. ರಾತ್ರಿ ಒಂದಕ್ಕೂ ಗ್ವಾಡಿ ಮುಟ್ಟಿದ್ರ ಹಂಚು ಮುಟ್ಟಿದಂಗ. ಕಿಡಕಿ ಇಲ್ಲ, ಮ್ಯಾಲ ಒಂದು ಗವಾಕ್ಷಿ, ಸ್ಟೋರ್‌ಗೆ ಅಷ್ಟ ಸಾಕಂತ. ಇನ್ವರ್ಟರ್ ಲೈನ್ ಹಾಲಿಗೆ ಐತಿ, ದೇವರ ಖೋಲಿಗೆ ಐತಿ, ಅಣ್ಣನ ಖೋಲಿಗೆ ಐತಿ. ನನ್ನ ಖೋಲಿಗೆ ಇಲ್ಲ. ಕರೆಂಟ್ ಹೋದ ರಾತ್ರಿ ನಾ ದೇವರ ಮುಂದ ಕುಂತು ಓದೀನಿ. ಮಂದಿ ನನ್ನ ಭಕ್ತಿ ನೋಡಿ ಹೊಗಳ್ಯಾರ.

ಅಮ್ಮ, ಅಂದ್ರ ನಮ್ಮಜ್ಜಿ, ಅಂತಾಳ, ಹಳೇ ಊರಿನ ಕಿಲ್ಲಾ ಓಣ್ಯಾಗಿನ ನಮ್ಮ ಹಳೇ ಮನಿ ಮಾಳಗಿ ಮನಿ ಇತ್ತು, ಬ್ಯಾಸಿಗ್ಯಾಗ ಫ್ಯಾನ್ ಬೇಕಾಗತಿರಲಿಲ್ಲ ಅಂತ. ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಮೊಳದುದ್ದ ಮಣ್ಣು, ಆ ಮಣ್ಣು ಕಾಯೂದರಾಗ ಹೊತ್ತ ಮುಳುಗತಿತ್ತಂತ. ನಾ ಆ ಮನಿ ನೋಡಿಲ್ಲ. ನಾ ಹುಟ್ಟೂದ್ರಾಗ ಅದು ನೀರಿಗೆ ಹೋಗಿತ್ತು.

ಇಲ್ಲಿ ಒಂದು ಮಾತು ನ್ಯಾಯಕ್ಕಾದ್ರೂ ಹೇಳಬೇಕು. ನಮ್ಮಪ್ಪಗ ಈ ಮನಿ ಹುಚ್ಚು ಯಾಕ ಹಿಡದೈತಿ ನನಗ ಗೊತ್ತು. 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟ್ಯಾಗ ಕೃಷ್ಣಾ ನದಿ ಡ್ಯಾಮಿಗೆ ಅಡಿಗಲ್ಲು ಹಾಕಿದಾಗ ನಮ್ಮಪ್ಪ ಇನ್ನಾ ಹುಟ್ಟಿರಲಿಲ್ಲ. ಅಂವ ಹುಟ್ಟಿ, ಬೆಳದು, ಲಗ್ನ ಆಗೋತನಕ ಊರ ಮಂದಿ "ಮುಳಗತೈತಿ, ಮುಳಗತೈತಿ" ಅಂತ ಅಂಜಿಕಿಯೊಳಗ ಬದುಕಿದ್ರು. ಮುಳಗೋ ಮನಿಗೆ ಸುಣ್ಣ ಯಾಕ ಹಚ್ಚಬೇಕಂತ ಯಾರೂ ಹಚ್ಚತಿರಲಿಲ್ಲಂತ. ಕಡೀಕ ಆ ಡ್ಯಾಮಿನ ಹಿನ್ನೀರು ಘಟಪ್ರಭಾ ನದ್ಯಾಗ ಏರಿ ಬಂತು. ಅಜ್ಜ ತನ್ನ ಕೈಲೇ ಕಟ್ಟಿದ ಮನಿ ತನ್ನ ಕೈಲೇ ಬಿಚ್ಚಿ ಕಂಬ, ಬಾಗಿಲ, ತೊಲಿ ಎಲ್ಲಾ ಮಾರಿದ. ಪರಿಹಾರದ ರೊಕ್ಕ ಅತ್ತಿ ಲಗ್ನಕ್ಕೂ ಅಜ್ಜನ ದವಾಖಾನಿಗೂ ಹೋತು. ನವನಗರದಾಗ ಸಿಕ್ಕ ಸೈಟಿನ್ಯಾಗ ಇಪ್ಪತ್ತು ವರ್ಷ ಜಾಲಿ ಬೆಳೀತು, ನಾವು ವಿದ್ಯಾಗಿರ್ಯಾಗ ಬಾಡಿಗಿ ಮನಿ ಹಿಡಕೊಂಡು ಇದ್ವಿ. ಈಗ ಡ್ಯಾಮಿನ್ಯಾಗ ನೀರು ನಿಲ್ಲೂದು 519.60 ಮೀಟರಿಗೆ. ಅದನ್ನ 524.256ಕ್ಕ ಏರಸಬಹುದಂತ 2010ರಾಗ ಕೃಷ್ಣಾ ನೀರಿನ ನ್ಯಾಯಮಂಡಳಿ ಹೇಳಿದಾಗಿಂದ ಮತ್ತ ಹಳೇ ಊರಾಗ ಅದ ಮಾತು, ಅದ ಅಂಜಿಕಿ. ಹಿಂತಾ ಊರಾಗ ಸಾಲ ಮಾಡಿ ಒಂದು ಮನಿ ಎಬ್ಬಿಸಿದಾಂವ ಅದಕ್ಕ ಗೀಟು ಬಿದ್ರ ಒದ್ದಾಡತಾನ. ಒಪ್ಪೀನಿ.

ಆದ್ರ ಮುಳಗಿದ್ದು ನಾ ಅಲ್ಲಲ್ಲ, ನನ್ನ ಮ್ಯಾಲ ಯಾಕ?

ಮಳಿ (ಇಲ್ಲಿ ಮಳಿ ಅಂದ್ರ ಮಳೆ ಅಲ್ಲ, ಮೊಳೆ) ಕತಿ ಕೇಳ್ರಿ. ಬಾಡಿಗಿ ಮನ್ಯಾಗ ನನ್ನ ಗ್ವಾಡಿಗೆ ಒಂಬತ್ತು ಮಳಿ ಇದ್ದೂ. ಕ್ಯಾಲೆಂಡರಿಗೊಂದು, ಬ್ಯಾಗಿಗೊಂದು, ಕನ್ನಡಿಗೊಂದು, ಇನ್ನುಳದೂ ಸುಮ್ನ. ಮಾಲಕ್ರು ಒಮ್ಮೆನೂ ಕೇಳಿದವರಲ್ಲ. ಇಲ್ಲಿ ಬಂದ ವಾರದಾಗ ಟೈಮ್‌ಟೇಬಲ್ ತೂಗ ಹಾಕಾಕ ಒಂದ ಒಂದು ಮಳಿ ಹೊಡದೆ. ಸುತ್ತಿಗಿ ಸಪ್ಪಳಕ್ಕ ಅಪ್ಪ ಊಟ ಬಿಟ್ಟು, ಅನ್ನ ಹತ್ತಿದ ಕೈಲೇ ಓಡಿ ಬಂದ. ಎದಿಗೆ ಹೊಡದವರಂಗ ನಿಂತ. ಪುಟ್ಟಿ ಎರಡು ಕೋಟ್ ಹಾಕ್ಸೀನಿ, ಪೇಂಟಿನ ಡಬ್ಬಿಗೆ ಎಷ್ಟಾತು ಗೊತ್ತೇನು, ಒಮ್ಮೆ ಬಿರುಕು ಬಿಟ್ರ ಗ್ವಾಡಿ ಕೂಡ್ತೈತೇನು ಅಂತ ಶುರು ಮಾಡಿದ. ಸಂಜೀಕ ಪೇಂಟರ್ ಬಂದು ತೂತ ಮುಚ್ಚಿದ. ಟೇಪ್ ಹಚ್ಚಿದೆ, ಅದು ಬಣ್ಣಾ ಕಿತಕೊಂಡು ಬಿತ್ತು, ಅದಕ್ಕ ಬ್ಯಾರೆ ಮಂಗಳಾರತಿ.

ಇದರಾಗ ನಗು ಬರೂದು ಏನಂದ್ರ, ವಾಸ್ತುಶಾಂತಿಗೆ ಬಂದ ಬೀಗರು-ಬಿಜ್ಜರೆಲ್ಲಾ ಆಹೇರಿ ಕೊಟ್ಟದ್ದು ಗ್ವಾಡಿ ಗಡಿಯಾರ. ಹನ್ನೊಂದು. ತೂಗ ಹಾಕಾಕ ಮಳಿ ಹೊಡಿಯಂಗಿಲ್ಲ, ಹೊರಗ ಇಡಾಕ ಜಾಗಾ ಇಲ್ಲ, ಹಂಗಂದ್ರ ಎಲ್ಲಿಗೆ? ಸಾಮಾನಿನ ಖೋಲಿಗೆ. ನನ್ನ ಮಂಚದ ಕೆಳಗ ಹನ್ನೊಂದು ಡಬ್ಬಿ ಅದಾವ. ಒಂದಕ್ಕ ಯಾವ ಪುಣ್ಯಾತ್ಮ ಮದಲ ಸೆಲ್ ಹಾಕಿ ಕೊಟ್ಟಾನೋ, ತಾಸಿಗೊಮ್ಮೆ ಡಬ್ಬ್ಯಾಗಿಂದ ಹಕ್ಕಿ ಕೂಗತೈತಿ. ಎಲ್ಲಾ ಬಿಚ್ಚಿ ಹುಡುಕಬೇಕಂದ್ರ ಬಣ್ಣದ ಕಾಗದ ಹರದೀತು, ಅದನ್ನ ನಾಳೆ ಬ್ಯಾರೆಯವ್ರ ವಾಸ್ತುಶಾಂತಿಗೆ ಕೊಡಬೇಕು, ಮುಟ್ಟಬ್ಯಾಡ ಅಂತಾಳ ಅವ್ವ.

ನೆಲದ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಅಪ್ಪ ಬಂದವರಿಗೆಲ್ಲಾ "ಪಾಲಿಶ್ ನೋಡ್ರಿ, ಮಾರಿ ಕಾಣತೈತಿ" ಅಂತಾನ. ಕಾಣತೈತಿ, ಖರೇ. ಹಸಿ ಕಾಲಿಲೆ ನಡದ್ರ ಅವ್ವ ಅರಬಿ ಹಿಡಕೊಂಡು ಬೆನ್ನ ಹಿಂದ ಬರತಾಳ.

ಅಡಗಿಮನಿ ಮಾತ್ರ ಹೇಳಲಾರದ ಬಿಡಾಕಾಗಂಗಿಲ್ಲ. ಮಾಡ್ಯುಲರ್ ಕಿಚನ್, ಚಿಮಣಿ, ಒತ್ತಿದ್ರ ತಾನ ಬಂದ್ ಆಗೋ ಡ್ರಾವರ್. ಅದರಾಗ ಚಾ ಬಿಟ್ರ ಏನೂ ಮಾಡಂಗಿಲ್ಲ. ಒಗ್ಗರಣಿ ಹೊಗಿ ಹತ್ತತೈತಂತ, ರೊಟ್ಟಿ ಬಡದ್ರ ಹಿಟ್ಟು ಹಾರತೈತಂತ. ಹಿತ್ತಲದಾಗ ತಗಡಿನ ಶೆಡ್ ಹಾಕ್ಸಿ, ಹಳೇ ಒಲಿ ಇಟ್ಟು, ಅವ್ವ ಅಲ್ಲಿ ಬೆವರು ಸುರಿಸಿಕೊಂತ ರೊಟ್ಟಿ ಬಡೀತಾಳ. ನಾಲ್ಕು ಮಂದಿ ಮುಂದ ಚಿಮಣಿ ಹಚ್ಚಿ ತೋರಸ್ತಾಳ, ಅವ್ರು ಹ್ವಾದ ಮ್ಯಾಲ ಅದರ ಗಾಜು ಒರಸ್ತಾಳ. ಈ ಮನಿ ಅಕಿಗೂ ಸೇರಿದ್ದಲ್ಲ ಅಂತ ನಾ ಒಮ್ಮೆ ಅಂದೆ. ಸುಮ್ನ ರೊಟ್ಟಿ ತಿರುವಿದ್ಲು.

ಹೋಳಿ ಹಬ್ಬ ಬಂತು. ಬಾಗಲಕೋಟಿ ಹೋಳಿ ಅಂದ್ರ ಗೊತ್ತಲ್ಲ, ರಾತ್ರಿಯೆಲ್ಲಾ ಹಲಗಿ, ದಿನಕ್ಕೊಂದು ಪೇಟೆಯವ್ರ ಬಣ್ಣದ ಬಂಡಿ, ಬ್ಯಾರಲ್ ಗಟ್ಟಲೆ ನೀರು. ನಮ್ಮಪ್ಪ ಹರೇದಾಗ ಕಿಲ್ಲಾ ಓಣ್ಯಾಗ ಹಲಗಿ ಬಡದಾಂವ, ಬೆರಳು ಒಡದು ರಕ್ತ ಬಂದ್ರೂ ಬಿಡತಿರಲಿಲ್ಲಂತ. ಈ ಸಲ ಆ ಮನಷ್ಯಾ ಕಂಪೌಂಡಿಗೆ ಸುತ್ತೂ ತಾಡಪಾಲ ಕಟ್ಟಿಸಿ, ಗೇಟಿಗೆ ಕುರ್ಚಿ ಹಾಕ್ಕೊಂಡು ಕಾಯಾಕ ಕುಂತ. ನಾ ಬಣ್ಣ ಆಡಿ ಬಂದ್ರ ಒಳಗ ಬಿಡಲಿಲ್ಲ. ಹಿತ್ತಲದಾಗ ದನಾ ತೊಳದಂಗ ಪೈಪಿಲೆ ತೊಳದು, ಕಾಲಿಗೆ ಪ್ಲಾಸ್ಟಿಕ್ ಚೀಲಾ ಕಟ್ಟಿ ಒಳಗ ಕಳಸಿದ್ರು. ಬಾಜೂ ಮನಿ ಹುಡುಗೂರು ಇನ್ನಾ ಅದನ್ನ ಅಂದು ನಗತಾವ.

ಮತ್ತ ಆ ನೋಡಾಕ ಬರೋ ಮಂದಿ! ಹೊಸಾ ಮನಿ ನೋಡಾಕ ಬಂದೀವ್ರಿ ಅಂತ ಮುಂಜಾನಿ ಏಳಕ್ಕ ಬಂದ್ರೂ ಅವ್ವ ಎಲ್ಲಾ ಬಾಗಿಲ ತಗದು ತೋರಸ್ತಾಳ. ನನ್ನ ಬಾಗಿಲಕ್ಕ ಒಳಗ ಚಿಲಕ ಇಲ್ಲ. ಸ್ಟೋರ್‌ಗೆ ಒಳಗ ಯಾಕ ಬೇಕು, ಜ್ವಾಳ ಏನು ಚಿಲಕ ಹಾಕ್ಕೊಂಡು ಮಲಗತೈತೇನು? ನಾ ಅರೆನಿದ್ದ್ಯಾಗ ಕಣ್ ತಗದ್ರ ಗುರುತಿಲ್ಲದ ನಾಲ್ಕು ಮುಖ ಮ್ಯಾಲಿಂದ ನೋಡತಾವ. ಅವ್ವ ಹೇಳತಾಳ: "ಇದು ಸಾಮಾನು ಇಡಾಕ್ರಿ. ಸದ್ಯ ಇಕಿ ಮಲಗತಾಳ. ಇನ್ನೊಂದ ಎರಡು ವರ್ಷ, ಕೊಟ್ಟ ಮನಿಗೆ ಹೋಗಾಕಿ."

ನಾ ಬಿ.ಕಾಂ. ಓದಾಕಿ. ವರ್ಷದ ಕಡೀಕ ಮಾರಾಟ ಆಗಲಾರದ ಗೋದಾಮದಾಗ ಉಳದ ಮಾಲಿಗೆ ಕ್ಲೋಸಿಂಗ್ ಸ್ಟಾಕ್ ಅಂತಾರ. ಕಾಸ್ಟಿಂಗ್ ಸರ್ ಪಾಠ ಹೇಳೂ ಮುಂದ ನನಗ ನನ್ನ ಮಂಚ ನೆನಪಾಗತೈತಿ.

ಕಾನೂನು ಓದೋ ಗೆಳತಿ ಒಬ್ಬಾಕಿ ಅದಾಳ. ಪಿತ್ರಾರ್ಜಿತ ಆಸ್ತ್ಯಾಗ ಹೆಣ್ಣಮಕ್ಕಳಿಗೆ ಸಮಪಾಲು ಕರ್ನಾಟಕದಾಗ 1994ರಾಗನ ಬಂದೈತಿ, ದೇಶಕ್ಕೆಲ್ಲಾ 2005ರಾಗ ಬಂತು, ಸೈಟು ನಿಮ್ಮಜ್ಜನ ಮನಿ ಬದಲಿಗೆ ಸಿಕ್ಕದ್ದಲ್ಲೇನು, ಕೇಳ ನೀ ಅಂತಾಳ. ಅಕಿಗೆ ಹೇಳಿದೆ, ಯವ್ವಾ, ನನಗ ಪಾಲು ಬ್ಯಾಡ, ಚಿಲಕ ಬೇಕು ಅಂತ. ನಾಲ್ಕು ಬೆರಳುದ್ದದ ಕಬ್ಬಿಣದ ಚಿಲಕ.

ಶುಕ್ರವಾರ ಸಂಜೀಕ ಅದನ್ನ ಕೇಳಿದೆ. ಅಪ್ಪ ಬಾಗಿಲ ಮ್ಯಾಲ ಕೈ ಆಡಿಸಿದ. "ಒಳಗಿನ ಮಗ್ಗಲಕ್ಕ ತೂತ ಹೊಡಿಬೇಕಾಗತೈತಿ ತಂಗಿ, ಕಟಗಿ ಬಿರೀತೈತಿ" ಅಂದ. ಎಲ್ಲಾ ನಿಮ್ಮ ಸಲುವಾಗೇ ಕಟ್ಟೀವಲ್ಲ ಅಂತ ಅವ್ವ ಸೆರಗಿಲೆ ಕಣ್ಣ ಒರಸಿಕೊಂಡ್ಲು. ಇಬ್ಬರೂ ಸುಳ್ಳು ಹೇಳೂ ಮಂದಿ ಅಲ್ಲ, ಅದ ನನಗ ಹೆಚ್ಚು ಸಂಕಟ.

ಶನಿವಾರ ಕಾಲೇಜಿಂದ ಬರೂ ಮುಂದ ಪ್ಯಾಟ್ಯಾಗ ಇಳದು ನಾನ ಒಂದು ಚಿಲಕ ತಂದೀನಿ. ನಾಲ್ಕು ಸ್ಕ್ರೂ ಜೋಡಿ ಕೊಟ್ಟಾರ. ಮೂರು ದಿನ ಆತು, ಬ್ಯಾಗಿನ್ಯಾಗ ಪುಸ್ತಕದ ಸಂದ್ಯಾಗ ಐತಿ. ಕೈಲೇ ತಿರುವಿ ನೋಡಿದೆ, ಕಟಗಿ ಗಟ್ಟಿ, ಸ್ಕ್ರೂ ಹೋಗವಲ್ದು. ಡ್ರಿಲ್ ಮಷೀನು ಮ್ಯಾಲ ಅಣ್ಣನ ಖೋಲ್ಯಾಗ ಕಪಾಟಿನ್ಯಾಗ ಐತಿ. ಆ ಖೋಲಿ ಕೀಲಿ ಅಪ್ಪನ ಉಡದಾರದಾಗ ಐತಿ.