ಹಾರ್ಡ್ ಡಿಸ್ಕಿನ ಡಬ್ಬಿ ಬರೀ ಡಬ್ಬಿ ಅಲ್ಲ ಮಾರಾಯ್ರೇ

ನನ್ನ ಹಳೇ 3 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿನ ಯುಎಸ್‌ಬಿ ಸಾಕೆಟ್ ಸಡಿಲವಾಗಿತ್ತು. ಕೇಬಲ್ಲನ್ನು ಒಂದು ಕಡೆ ವಾಲಿಸಿ ಹಿಡಿದರೆ ಮಾತ್ರ ಓದುತ್ತಿತ್ತು. ಡಿಸ್ಕ್ ಗಟ್ಟಿಯಾಗಿದೆ, ಕೆಟ್ಟಿರೋದು ಡಬ್ಬಿ ತಾನೇ ಅಂದುಕೊಂಡು, ಅಂಚಿಗೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಬಿಚ್ಚಿ, ಡಿಸ್ಕನ್ನು ಹೊಸ ಎನ್‌ಕ್ಲೋಷರ್‌ಗೆ, ಅಂದರೆ ಹೊಸ ಡಬ್ಬಿಗೆ ಹಾಕಿದೆ. ವಿಂಡೋಸ್ ತಣ್ಣಗೆ ಹೇಳಿತು: ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ.

ಹತ್ತು ವರ್ಷದ ಫೋಟೋ ಅದರಲ್ಲಿ! ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಪಾರ್ಟಿಶನ್ (ಡಿಸ್ಕಿನಲ್ಲಿ ಗಡಿ ಹಾಕಿಟ್ಟ ಜಾಗ) ಏನೋ ಇದೆ, ಮುಂದೆ 'ರಾ' ಅಂತಿದೆ, ಅಂದರೆ ಒಳಗಿನ ವ್ಯವಸ್ಥೆ ವಿಂಡೋಸ್‌ಗೆ ಅರ್ಥವಾಗ್ತಿಲ್ಲ, ಗಾತ್ರ ಮಾತ್ರ ಇರಬೇಕಾದ್ದರ ಎಂಟನೇ ಒಂದು ಪಾಲು. ಆ ಎಂಟನೇ ಒಂದರಲ್ಲೇ ಗುಟ್ಟು ಇತ್ತು.

ವಿಂಡೋಸ್ ಎಕ್ಸ್‌ಪಿ ಬಳಸುತ್ತಿದ್ದ ಎಂಬಿಆರ್ ಅನ್ನೋ ಪಾರ್ಟಿಶನ್ ಪಟ್ಟಿ, ಯಾವ ಪಾರ್ಟಿಶನ್ ಎಲ್ಲಿಂದ ಎಷ್ಟು ದೂರ ಅನ್ನೋದನ್ನ ಸೆಕ್ಟರ್ (ಡಿಸ್ಕಿನ ಸಣ್ಣ ಸಣ್ಣ ತುಂಡು) ಲೆಕ್ಕದಲ್ಲಿ, 32 ಬಿಟ್ ಸಂಖ್ಯೆಯಲ್ಲಿ ಬರೆದಿಡುತ್ತೆ. ಸೆಕ್ಟರ್ 512 ಬೈಟ್ ಆದರೆ ಲೆಕ್ಕ 2 ಟಿಬಿಗೇ ಮುಗೀತು. ಅದನ್ನು ದಾಟೋಕೆ ಕೆಲವು ಡಬ್ಬಿಗಳ ಒಳಗಿನ ಚಿಪ್ಪು ಒಂದು ಉಪಾಯ ಮಾಡಿತು: ಕಂಪ್ಯೂಟರಿಗೆ 'ನನ್ನ ಸೆಕ್ಟರ್ 4096 ಬೈಟ್' ಅಂತ ಹೇಳಿಬಿಟ್ಟಿತು. ಎಂಟರಷ್ಟು! ಮಾರಿನಲ್ಲಿ ಅಳೆದು ಬರೆದಿಟ್ಟ ಜಾಗದ ಪತ್ರವನ್ನು ಗೇಣಿನಲ್ಲಿ ಅಳೆಯೋಕೆ ಹೋದಂಗೆ ಇದು. ಪಾರ್ಟಿಶನ್ 256ನೇ ಸೆಕ್ಟರಿನಿಂದ ಶುರು ಅಂತ ಬರೆದಿದ್ದರೆ, ಹಳೇ ಡಬ್ಬಿಯಲ್ಲಿ ಅದು 1 ಎಂಬಿ ಆಚೆ. 512ರ ಲೆಕ್ಕದ ಹೊಸ ಡಬ್ಬಿಯಲ್ಲಿ ವಿಂಡೋಸ್ 128 ಕೆಬಿ ಹತ್ತಿರ ಹುಡುಕಿ, ಅಲ್ಲಿ ಗುರುತೇನೂ ಕಾಣದೆ, ಫಾರ್ಮ್ಯಾಟೇ ಆಗಿಲ್ಲ ಅಂದುಕೊಳ್ಳುತ್ತೆ. ಫೈಲುಗಳು ಇದ್ದಲ್ಲೇ ಇವೆ.

ನನ್ನ ಸಿಟ್ಟು ಆ ಉಪಾಯದ ಮೇಲಲ್ಲ. ಡಬ್ಬಿಯ ಮೇಲೆ ವೇಗ, ಬಣ್ಣ, ಅಲ್ಯೂಮಿನಿಯಂ ಎಲ್ಲ ಅಚ್ಚು ಹಾಕ್ತಾರೆ, ಸೆಕ್ಟರ್ ಲೆಕ್ಕ ಮಾತ್ರ ಒಂದು ಸಾಲೂ ಇರಲ್ಲ. ಇನ್ನೊಂದು ಸಿಟ್ಟು ಆ ಫಾರ್ಮ್ಯಾಟ್ ಸಂದೇಶದ ಮೇಲೆ. ಓದೋಕೆ ಬರದವನು 'ನನಗೆ ಓದಕ್ಕೆ ಬರ್ತಿಲ್ಲ' ಅನ್ನಬೇಕೇ ಹೊರತು ಪುಸ್ತಕ ಸುಟ್ಟುಹಾಕಿ ಅನ್ನಬಾರದು. ಫೈಲುಗಳನ್ನು ಜೋಡಿಸಿಡೋ ಪದ್ಧತಿ (ಫೈಲ್ ಸಿಸ್ಟಂ) ಒಬ್ಬೊಬ್ಬರದು ಒಂದೊಂದು. ಮ್ಯಾಕ್‌ನ ಎಪಿಎಫ್‌ಎಸ್ ಡಿಸ್ಕಾಗಲಿ ಲಿನಕ್ಸ್‌ನ ಇಎಕ್ಸ್‌ಟಿ4 ಆಗಲಿ, ವಿಂಡೋಸ್‌ಗೆ ಚುಚ್ಚಿದರೆ ಎಷ್ಟೋ ಸಲ ಇದೇ ಹಾಡು. ಮ್ಯಾಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಓದುತ್ತೆ, ತಾನಾಗಿ ಬರೆಯಲ್ಲ; ಅಷ್ಟಾದರೂ ಮರ್ಯಾದೆ ಇದೆ.

ಎಲ್ಲ ಕಡೆ ನಡೆಯಲಿ ಅಂದರೆ ಎಕ್ಸ್‌ಫ್ಯಾಟ್ ಅನ್ನೋ ಪದ್ಧತಿ ಹಾಕಿ ಅಂತಾರೆ. ಹಳೇ ಫ್ಯಾಟ್32ರ ಹಾಗೆ 4 ಜಿಬಿ ಫೈಲಿಗೇ ಅದು ಕೈಯೆತ್ತಲ್ಲ, ಲಿನಕ್ಸ್ ಕೂಡ 2019ರಿಂದ ತನ್ನ ತಿರುಳಾದ ಕರ್ನಲ್‌ನಲ್ಲೇ ಅದನ್ನು ಸೇರಿಸಿಕೊಂಡಿದೆ. ಆದರೆ ಜರ್ನಲ್ ಇಲ್ಲ, ಅಂದರೆ ಮಾಡೋ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳೋ ದಿನಚರಿ ಇಲ್ಲ. ಬರೆಯುವಾಗ ಕೇಬಲ್ ಕಿತ್ತುಬಂದರೆ ಕಷ್ಟ. ಸಾಗಿಸೋಕೆ ಸೈ, ಇರೋ ಒಂದೇ ಪ್ರತಿ ಇಡೋಕೆ ನಾನಂತೂ ಒಪ್ಪಲ್ಲ. ಕೆಲವು ಹಳೇ ಟಿವಿಗಳು ಅದನ್ನು ಮೂಸಿಯೂ ನೋಡಲ್ಲ ಅನ್ನೋದು ಬೇರೆ ಮಾತು.

ಇನ್ನು, ಕೆಲವು ರೆಡಿಮೇಡ್ ಡಿಸ್ಕ್‌ಗಳ ಡಬ್ಬಿಯೊಳಗಿನ ಸರ್ಕ್ಯೂಟ್ ಬೋರ್ಡು ನೀವು ಪಾಸ್‌ವರ್ಡ್ ಹಾಕದಿದ್ದರೂ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ (ಗೂಢಲಿಪಿಗೆ ತಿರುಗಿಸಿಯೇ) ಬರೆಯುತ್ತೆ. ಅದನ್ನು ಬಿಚ್ಚಿ ಬೇರೆ ಡಬ್ಬಿಗೆ ಹಾಕಿದರೆ ಸಿಗೋದು ಕಲಸುಮೇಲೋಗರ. ಹಳೇ ಬೋರ್ಡನ್ನೂ ಬಿಸಾಕಿದ್ದರೆ ಕಥೆ ಮುಗೀತು.

ನನ್ನ ಪುಣ್ಯಕ್ಕೆ ನನ್ನ ಹಳೇ ಡಬ್ಬಿಯನ್ನು ಬಿಸಾಕಿರಲಿಲ್ಲ. ಡಿಸ್ಕನ್ನು ವಾಪಸ್ ಅದಕ್ಕೇ ಸಿಕ್ಕಿಸಿ, ಕೇಬಲ್ ಅಲ್ಲಾಡದ ಹಾಗೆ ಎರಡು ರಬ್ಬರ್ ಬ್ಯಾಂಡ್ ಬಿಗಿದು, ರಾತ್ರಿಯಿಡೀ ಕಾಪಿ ಹಾಕಿದೆ. ನಡುರಾತ್ರಿ ಮೇಜಿನ ಹತ್ತಿರ ಯಾರೂ ಸುಳಿಯಬೇಡಿ ಅಂತ ಮನೆಯವರಿಗೆಲ್ಲ ತಾಕೀತು ಬೇರೆ.