ಅಪ್ಪ ಯಾಕೆ ನ್ಯಾನೋ ತಗೊಳ್ಳಲಿಲ್ಲ

2008ರ ಜನವರಿ 10. ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ರತನ್ ಟಾಟಾ ತಾವೇ ನ್ಯಾನೋ ಓಡಿಸಿಕೊಂಡು ವೇದಿಕೆಗೆ ಬಂದರು. ಬೆಲೆ ಒಂದು ಲಕ್ಷ, ಕೊಟ್ಟ ಮಾತು ಮಾತೇ ಅಂದರು. ನಮ್ಮನೆ ಟಿವಿ ಮುಂದೆ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತೇ ನೋಡಿದರು.

ಆಗ ನಮ್ಮನೇಲಿ ಇದ್ದದ್ದು ಒಂದು ಹಳೇ ಸ್ಕೂಟರ್. ಮುಂದೆ ತಂಗಿ ನಿಂತುಕೊಳ್ಳುತ್ತಿದ್ದಳು. ಹಿಂದೆ ಅಮ್ಮ, ಮಧ್ಯೆ ನಾನು. ಮಳೆಗಾಲಕ್ಕೆ ಒಂದೇ ರೇನ್‌ಕೋಟು, ಅದು ಅಪ್ಪನದು. ಅದರ ಬೆನ್ನೊಳಗೆ ನಾನು ತಲೆ ತೂರಿಸಿಕೊಂಡು ಕೂರುತ್ತಿದ್ದೆ. ಸ್ಕೂಟರ್ ಮೇಲೆ ಹೀಗೆ ಒತ್ತಿಕೊಂಡು ಹೋಗುವ ಸಂಸಾರಗಳನ್ನು ನೋಡಿಯೇ ಈ ಕಾರಿನ ಯೋಚನೆ ಬಂತು ಅಂತ ಟಾಟಾ ಹೇಳಿದ್ದರು. ಅಂದರೆ ನಮಗೋಸ್ಕರವೇ ಮಾಡಿದ ಕಾರು ಅದು.

ಆದರೂ ಅಪ್ಪ ನ್ಯಾನೋ ತಗೊಳ್ಳಲಿಲ್ಲ. 2010ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದರು.

ನ್ಯಾನೋ ಮಾತು ಬಂದಾಗೆಲ್ಲ "ಅಯ್ಯೋ ಅದು ಡಬ್ಬಾ ಗಾಡಿ" ಅಂತ ಒಂದೇ ಏಟಿಗೆ ಮುಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ಎದುರುಮನೆಯವರ ಹತ್ತಿರ ಒಂದು ಹಳದಿ ನ್ಯಾನೋ ಇತ್ತು, ಅದರಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ಹೊರಗಿಂದ ಪುಟ್ಟದು, ಒಳಗೆ ಧಾರಾಳ ಜಾಗ. ಆರಡಿ ಎತ್ತರದ ಅವರ ಮಗ ತಲೆ ಬಗ್ಗಿಸದೆ ಕೂರುತ್ತಿದ್ದ. ಎರಡು ಸಿಲಿಂಡರಿನ 624 ಸಿಸಿ ಎಂಜಿನನ್ನು ಹಿಂದೆ ಇಟ್ಟು ಆ ಜಾಗ ಉಳಿಸಿದ್ದರು. ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್ಟು. ಮುಂದಿನ ಗಾಜಿಗೆ ಒಂದೇ ವೈಪರ್. ಪ್ರತಿ ಪೈಸೆಯನ್ನೂ ತಲೆ ಓಡಿಸಿ ಉಳಿಸಿದ ಎಂಜಿನಿಯರುಗಳ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಆದರೆ ಕೆಲವು ಉಳಿತಾಯ ಕಣ್ಣಿಗೆ ಹೊಡೆಯುತ್ತಿತ್ತು. ಹಿಂದಿನ ಡಿಕ್ಕಿಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಲಗೇಜ್ ಇಡಬೇಕಾದರೆ ಹಿಂದಿನ ಸೀಟು ಮಡಚಿ ಒಳಗಿಂದಲೇ ತುರುಕಬೇಕು. ಪೆಟ್ರೋಲ್ ಹಾಕಿಸಬೇಕಾದರೆ ಮುಂದಿನ ಬಾನೆಟ್ ಎತ್ತಬೇಕು. ಒಂದು ದಿನ ಬಂಕಿನಲ್ಲಿ ಬಾನೆಟ್ ಎತ್ತಿದಾಗ ಪಕ್ಕದ ಬೈಕಿನ ಹುಡುಗ "ಇದೇನಾ ಸಾರ್ ಒಂದ್ ಲಕ್ಷದ ಕಾರು?" ಅಂದ. ಅವನಿಗೆ ಬರೀ ಕುತೂಹಲ. ಎದುರುಮನೆಯವರು ಉತ್ತರ ಕೊಡದೆ ಮೀಟರ್ ಕಡೆಗೇ ನೋಡುತ್ತಾ ನಿಂತರು. ಆ ಮುಖ ನನಗೆ ಈಗಲೂ ನೆನಪಿದೆ.

ಅಪ್ಪನನ್ನು ಒಮ್ಮೆ ನೇರವಾಗಿ ಕೇಳಿದ್ದೆ. ಅವರು ಹೇಳಿದ್ದು ಇಷ್ಟು: "ನಮ್ಮಂಥವರು ಜೀವಮಾನದಲ್ಲಿ ಒಂದೇ ಸಲ ಕಾರು ತಗೊಳ್ಳೋದು. ಅದರ ರೇಟು ಊರಿಗೆಲ್ಲ ಬಾಯಿಪಾಠ ಆಗಿರಬಾರದು."

ನ್ಯಾನೋ ಸೋತಿದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಜಗತ್ತಿನ ಪೇಪರುಗಳೆಲ್ಲ ಬರೆದದ್ದು ಒಂದೇ ಮಾತು: ಅತಿ ಅಗ್ಗದ ಕಾರು. ಕಾಸು ಕೊಟ್ಟರೂ ಸಿಗದಷ್ಟು ಪ್ರಚಾರ. ಆದರೆ ಆ ಪ್ರಚಾರವೆಲ್ಲ ಬೆಲೆಯದ್ದು, ಕಾರಿನದ್ದಲ್ಲ. ಅದರಲ್ಲಿ ಕೂತರೆ ಹೇಗಿರುತ್ತೆ ಅಂತ ಹೇಳಿದವರು ಕಡಿಮೆ. ಸ್ಕೂಟರಿನಿಂದ ಕಾರಿಗೆ ಹತ್ತುವವನು ನಾಲ್ಕು ಚಕ್ರಕ್ಕೆ ಮಾತ್ರ ದುಡ್ಡು ಕೊಡುವುದಿಲ್ಲ. ನಾವೂ ಒಂದು ಮೆಟ್ಟಿಲು ಮೇಲೆ ಬಂದೆವು ಅನ್ನೋ ನೆಮ್ಮದಿಗೂ ಕೊಡುತ್ತಾನೆ, ಅಲ್ವಾ?

ಗಿರಾಕಿಗಳು ಇದನ್ನು ಬುಕಿಂಗ್‌ನಲ್ಲೇ ಹೇಳಿಬಿಟ್ಟಿದ್ದರು. 2009ರ ಏಪ್ರಿಲ್‌ನಲ್ಲಿ 2 ಲಕ್ಷಕ್ಕೂ ಜಾಸ್ತಿ ಬುಕಿಂಗ್ ಆಯಿತು. ಅದರಲ್ಲಿ ಸುಮಾರು ಅರ್ಧದಷ್ಟು ಜನ ಕೇಳಿದ್ದು ಎಲ್ಲಕ್ಕಿಂತ ದುಬಾರಿಯಾದ ಎಲ್‌ಎಕ್ಸ್ ಮಾಡೆಲ್. ಏಸಿ ಇಲ್ಲದ, ಎಲ್ಲಕ್ಕಿಂತ ಅಗ್ಗದ ಮಾಡೆಲ್ ಕೇಳಿದವರು ಐದರಲ್ಲಿ ಒಬ್ಬರು. ಅಗ್ಗದ ಕಾರು ಬುಕ್ ಮಾಡಲು ಬಂದವರಿಗೇ ಅತಿ ಅಗ್ಗದ್ದು ಬೇಡವಾಗಿತ್ತು. ಇದಕ್ಕಿಂತ ಸ್ಪಷ್ಟವಾಗಿ ಗಿರಾಕಿ ಇನ್ನೇನು ಹೇಳಬೇಕು? ಆಗಲೇ ದಾರಿ ಬದಲಿಸಬೇಕಿತ್ತು.

ಬೇರೆ ಕಾರಣಗಳೂ ಇದ್ದವು, ಇಲ್ಲ ಅನ್ನಲ್ಲ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ನ್ಯಾನೋ ಕಾರ್ಖಾನೆಯ ಜಮೀನಿನ ಗಲಾಟೆ ಆಗಿ, 2008ರ ಅಕ್ಟೋಬರ್‌ನಲ್ಲಿ ಕಂಪನಿ ಗುಜರಾತಿನ ಸಾಣಂದಕ್ಕೆ ಹೋಯಿತು. (ರೈತರ ಸಿಟ್ಟು ನ್ಯಾಯವಾದದ್ದೇ. 2016ರಲ್ಲಿ ಸುಪ್ರೀಂ ಕೋರ್ಟೇ ಆ ಭೂಸ್ವಾಧೀನ ರದ್ದು ಮಾಡಿತು.) ಮೊದಲ ಕಾರು ಗಿರಾಕಿ ಕೈಗೆ ಸಿಕ್ಕಿದ್ದು 2009ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ದೆಹಲಿ ಶೋರೂಮಿನಲ್ಲಿ ಶುರುವಿನ ಬೆಲೆಯೇ ಸುಮಾರು 1.23 ಲಕ್ಷ. ಅದರ ಮೇಲೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್. ಅಂದರೆ "ಒಂದು ಲಕ್ಷ" ಅನ್ನೋ ಹಣೆಪಟ್ಟಿ ಉಳಿಯಿತು, ಒಂದು ಲಕ್ಷದ ಕಾರು ಉಳಿಯಲಿಲ್ಲ. ಆ ದುಡ್ಡಿಗೆ ಒಳ್ಳೇ ಕಂಡೀಷನ್ನಿನ ಹಳೇ ಮಾರುತಿ ಸಿಗುತ್ತಿತ್ತು. ಅದರ ಬೆಲೆ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಬೆಂಕಿಯ ಸುದ್ದಿ ಬಂತು. 2010ರ ಮಾರ್ಚ್‌ನಲ್ಲಿ ಮುಂಬೈನಲ್ಲಿ ಒಂದು ಹೊಸ ನ್ಯಾನೋ ಶೋರೂಮಿನಿಂದ ಮನೆಗೆ ಹೋಗುವ ದಾರಿಯಲ್ಲೇ ಹೊತ್ತಿ ಉರಿಯಿತು. ಹೊತ್ತಿಕೊಂಡದ್ದು ಬೆರಳೆಣಿಕೆಯಷ್ಟು ಕಾರು. ಆದರೆ ಅಗ್ಗದ್ದು ಅಂತ ಮೊದಲೇ ಹೆಸರು ಬಿದ್ದಿದ್ದರಿಂದ ಜನ ತಕ್ಷಣ ನಂಬಿಬಿಟ್ಟರು. ಆ ವರ್ಷ ನವೆಂಬರ್‌ನಲ್ಲಿ ಇಡೀ ದೇಶದಲ್ಲಿ ಮಾರಾಟವಾದದ್ದು 509 ನ್ಯಾನೋ. ಸಾಣಂದದ ಕಾರ್ಖಾನೆ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವಷ್ಟು ದೊಡ್ಡದು. ಅತಿ ಒಳ್ಳೆಯ ವರ್ಷವಾದ 2011-12ರಲ್ಲೂ ಮಾರಾಟ 74,527 ದಾಟಲಿಲ್ಲ. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ಕಾರು.

ಅತಿ ಅಗ್ಗದ ಕಾರು ಅಂತ ಹೆಸರು ಬಿದ್ದದ್ದೇ ತಪ್ಪಾಯಿತು ಅಂತ ರತನ್ ಟಾಟಾ ಆಮೇಲೆ ತಾವೇ ಒಪ್ಪಿಕೊಂಡರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಾಯಿಬಿಟ್ಟು ಹೇಳಿದ್ದು ನನಗೆ ಇಷ್ಟವಾಯಿತು.

2015ರಲ್ಲಿ ಜೆನ್‌ಎಕ್ಸ್ ನ್ಯಾನೋ ಬಂತು. ಕ್ಲಚ್ ಇಲ್ಲದ ಮಾಡೆಲ್ಲೂ ಇತ್ತು, ಹಿಂದಿನ ಡಿಕ್ಕಿಯೂ ತೆರೆಯುತ್ತಿತ್ತು. ಅಪ್ಪನನ್ನು ಸುಮ್ನೆ ನೋಡೋಣ ಬನ್ನಿ ಅಂತ ಶೋರೂಮಿಗೆ ಕರೆದುಕೊಂಡು ಹೋಗಿದ್ದೆ. ಅವರು ಒಂದು ಸುತ್ತು ಬಂದರು. ಡಿಕ್ಕಿ ತೆಗೆದು ಮುಚ್ಚಿದರು. ಮತ್ತೆ ತೆಗೆದು, ಒಳಗೆ ಕೈ ಇಟ್ಟು ಜಾಗ ಅಳೆದರು. "ಚೆನ್ನಾಗಿದೆ ಕಣೋ. ನೀವು ಚಿಕ್ಕವರಿದ್ದಾಗ ಹೀಗೇ ಬಂದಿದ್ರೆ ತಗೋತಿದ್ದೆ" ಅಂದರು.